ನಾಯಿಯೊಂದಿಗೆ ಎರಡು ದಿನ ಸಕಲೇಶಪುರದ ತೋಟದಲ್ಲಿ ನಡೆದಾಡಲು ಹೋಗುವವರು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಮಲ್ಲಿಗೆಬಳ್ಳಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯ ಎರಡನೆಯ ಶನಿವಾರದ ಬಿಡುವಿನಲ್ಲಿ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ ಉಳಿದು, ಹಗಲು ಸಾಧ್ಯವಾದಷ್ಟು ನಡೆದಾಡಿ ಬರಬೇಕೆಂದು ಯೋಚಿಸಿದ್ದೇವೆ. ತೋಟ ನಮ್ಮ ಯಜಮಾನರ ಸಹೋದ್ಯೋಗಿಯೊಬ್ಬರ ಮನೆಯದು. ಅವರ ತಂದೆತಾಯಿ ಅಲ್ಲೇ ವಾಸವಾಗಿದ್ದಾರೆ. ಹೊರಡುವವರು ನಾವಿಬ್ಬರು, 11 ವರ್ಷದ ಮಗಳು, 68 ತುಂಬಿದ ಮಾವನವರು, ಜೊತೆಗೆ 4 ವರ್ಷದ ಕರಿಯ. ಕರಿಯ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ, ತೂಕ 18 ಕಿಲೋ. ಬೆಳಿಗ್ಗೆ ಮತ್ತು ಸಂಜೆ ಮುಕ್ಕಾಲು ಗಂಟೆ ನಡೆಯುವ ರೂಢಿಯಿದೆ. ಸ್ವಭಾವ ಸಾಧುವಾದರೂ ಅಳಿಲೋ ಬೆಕ್ಕೋ ಕಣ್ಣಿಗೆ ಬಿದ್ದರೆ ಹಗ್ಗ ಹಿಡಿದವರ ಭುಜ ಕಳಚಿ ಬರುವಂತೆ ಎಳೆಯುತ್ತಾನೆ.

ಒಂದು ತಿಂಗಳು ಮೊದಲೇ ಹೀಗೆ ವಿಚಾರಿಸುವುದಕ್ಕೆ ಕಾರಣವಿದೆ. ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ಘಟ್ಟದ ಸೆರಗಿನ ಒಂದು ಬೆಟ್ಟ ಹತ್ತಬೇಕೆಂದು ಐದು ಗಂಟೆ ಕಾರು ಓಡಿಸಿಕೊಂಡು ಹೋದಾಗ, ಬೆಟ್ಟದ ಬುಡದಲ್ಲಿ ಅರಣ್ಯ ಸಿಬ್ಬಂದಿ ನಾಯಿಗೆ ಪ್ರವೇಶವಿಲ್ಲವೆಂದು ತಡೆದರು. ಕೊನೆಗೆ ಅಪ್ಪ ಮಗಳು ಮೇಲೆ ಹೋದರು. ನಾನು ಕರಿಯನನ್ನು ಹಿಡಿದುಕೊಂಡು ಕಾರಿನ ನೆರಳು ಯಾವ ಕಡೆಗೆ ಸರಿದರೆ ಆ ಕಡೆಗೆ ಸರಿಯುತ್ತ ಆರು ಗಂಟೆ ಕಳೆದೆ. ಅವರದೇನೂ ತಪ್ಪಿಲ್ಲ, ವಿಚಾರಿಸದೆ ಹೊರಟವರು ನಾವು. ಈ ಸಲ ಆ ಪೇಚು ಬೇಡವೆಂದೇ ಖಾಸಗಿ ತೋಟವನ್ನು ಆರಿಸಿಕೊಂಡಿದ್ದೇವೆ.

ಬಲ್ಲವರು ದಯವಿಟ್ಟು ತಿಳಿಸಿ: ಆ ಭಾಗದಲ್ಲಿ ನಾಯಿಯೊಂದಿಗೆ ಎಲ್ಲೆಲ್ಲಿ ನಡೆಯಬಹುದು, ದಿನಕ್ಕೆ ಎಷ್ಟು ದೂರ ನಡೆಸಬಹುದು? ತೋಟದ ಒಳಗಾದರೂ ಅವನನ್ನು ಬಿಟ್ಟು ಓಡಾಡಿಸಬಹುದೇ? ಬಾಲ್ಯದಿಂದಲೂ ಹಗ್ಗದ ತುದಿಯಲ್ಲೇ ಬೆಳೆದ ಪ್ರಾಣಿಗೆ ಎರಡು ದಿನವಾದರೂ ಮನಸಾರೆ ಓಡುವ ಸುಖ ಸಿಗಲೆಂಬುದು ಮಗಳ ಆಸೆ. ಉಣುಗು, ಇಂಬಳಗಳಿಗೆ ಏನು ಮುಂಜಾಗ್ರತೆ? ಆನೆಯ ಸುದ್ದಿ ಪತ್ರಿಕೆಯಲ್ಲಿ ಓದುತ್ತಿರುತ್ತೇವೆ. ನಾಯಿ ಜೊತೆಗಿದ್ದರೆ ಅಪಾಯ ಹೆಚ್ಚೋ ಕಡಿಮೆಯೋ ಎಂಬುದರ ಬಗ್ಗೆ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ. ನಾಯಿಯಿದ್ದರೆ ಮೊದಲೇ ಸುಳಿವು ಕೊಡುತ್ತದೆ ಎನ್ನುವುದು ಮಾವನವರ ವಾದ. ಕೊರಳಿಗೆ ಒಂದು ಗೆಜ್ಜೆ ಕಟ್ಟಿದರೆ ಒಳ್ಳೆಯದೇ ಎಂದೂ ಅವರು ಕೇಳುತ್ತಿದ್ದಾರೆ.

ಉತ್ತರ 1: ಹೇಮಾವತಿ ದಂಡೆಯವ (ಸಕಲೇಶಪುರ ತಾಲ್ಲೂಕು)

ನಮ್ಮ ತೋಟ ನೀವು ಹೇಳಿದ ಊರಿಗೆ ದೂರವೇನಲ್ಲ, ಮನೆಯಲ್ಲಿ ಮೂರು ನಾಯಿಗಳಿವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆನೆಯ ಮಾತು ಮುಗಿಸೋಣ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಆನೆಗಳು ಕಾಡಿನಿಂದ ಬಂದು ಹೋಗುವ ಅತಿಥಿಗಳಾಗಿ ಉಳಿದಿಲ್ಲ. ಕಾಫಿ ಗಿಡದ ನಡುವೆಯೇ ಹಗಲು ಕಳೆದು, ಕತ್ತಲಾದ ಮೇಲೆ ಒಂದು ತೋಟದಿಂದ ಇನ್ನೊಂದಕ್ಕೆ ದಾಟುತ್ತವೆ. 2023ರ ಡಿಸೆಂಬರ್ 4ರಂದು, ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗೆ ಸೆಣಸಿ ಸತ್ತದ್ದು ಇದೇ ತಾಲ್ಲೂಕಿನ ಯಸಳೂರು ಭಾಗದಲ್ಲಿ. ಅಂಥ ಪಳಗಿದ ಆನೆಗೇ ಹಾಗಾಯಿತೆಂದ ಮೇಲೆ ಹಗ್ಗ ಹಿಡಿದು ನಡೆಯುವ ನಮ್ಮ ಪಾಡೇನು?

ನಿಮ್ಮ ಮಾವನವರ ಮಾತು ಅರ್ಧ ಸರಿ. ನಾಯಿಗೆ ನಮಗಿಂತ ಮೊದಲು ವಾಸನೆ ಹತ್ತುತ್ತದೆ ನಿಜ. ಆದರೆ ಬಿಟ್ಟ ನಾಯಿ ಮಾಡುವುದೇನೆಂದರೆ, ಬೊಗಳುತ್ತ ಆನೆಯ ಹತ್ತಿರಕ್ಕೇ ಹೋಗುತ್ತದೆ, ಕಾಲಬಳಿ ಸುತ್ತಿ ಕೆಣಕುತ್ತದೆ, ಅದು ತಿರುಗಿಬಿದ್ದ ಕ್ಷಣ ಬಾಲ ಮಡಚಿಕೊಂಡು ನೇರ ಯಜಮಾನನ ಕಾಲಬುಡಕ್ಕೆ ಓಡಿಬರುತ್ತದೆ. ಆನೆ ಅಟ್ಟಿಸಿಕೊಂಡು ಬರುವುದು ನಾಯಿಯನ್ನು, ಸಿಕ್ಕಿಬೀಳುವವನು ಮನುಷ್ಯ. ಕಟ್ಟಿದ ನಾಯಿಯ ಮೂಗು ನಮಗೆ ಸಹಾಯ, ಬಿಟ್ಟ ನಾಯಿಯ ಕಾಲು ನಮಗೆ ಆಪತ್ತು. ಆದ್ದರಿಂದ ನಿಮ್ಮ ಮಗಳಿಗೆ ಬೇಸರವಾದರೂ ಚಿಂತೆಯಿಲ್ಲ, ತೋಟದ ಒಳಗೂ ಹಗ್ಗ ಬಿಚ್ಚಬೇಡಿ. ಮನೆಯ ಮುಂದಿನ ಅಂಗಳಕ್ಕೆ ಬೇಲಿ, ಗೇಟು ಇದ್ದರೆ ಅಲ್ಲಿ ಬಿಡಿ, ಮನಸಾರೆ ಓಡಲಿ. ಎಳೆಯುವ ನಾಯಿಯಾದ್ದರಿಂದ ಕೊರಳಪಟ್ಟಿಗಿಂತ ಎದೆಗೆ ಹಾಕುವ ಬೆಲ್ಟು ವಾಸಿ. ಬಳ್ಳಿಗೆ ಸಿಕ್ಕಿಕೊಂಡು ತಲೆ ನುಸುಳಿಸಿ ತಪ್ಪಿಸಿಕೊಳ್ಳುವುದು ಕಡಿಮೆ. ಗೆಜ್ಜೆ ಬೇಕಾದರೆ ಕಟ್ಟಿ. ಆನೆಗೆ ಅದರಿಂದ ಏನೂ ಆಗುವುದಿಲ್ಲ, ನಮ್ಮ ಸದ್ದು ಅದಕ್ಕೆ ಗೆಜ್ಜೆಯಿಲ್ಲದೆಯೂ ಕೇಳಿಸುತ್ತದೆ. ಆದರೆ ಕೈತಪ್ಪಿ ಓಡಿದ ನಾಯಿಯನ್ನು ದಟ್ಟ ಕಾಫಿಯ ನಡುವೆ ಹುಡುಕಲು ಆ ಸದ್ದು ಉಪಯೋಗಕ್ಕೆ ಬರುತ್ತದೆ.

ಬಿಡಬೇಡಿ ಎನ್ನುವುದಕ್ಕೆ ಇನ್ನೂ ಒಂದು ಕಾರಣ ಉರುಲು. ಕಾಡುಹಂದಿಗೆಂದು ಬೇಲಿಯ ಸಂದಿಗಳಲ್ಲಿ ಕದ್ದು ಉರುಲು ಇಡುವವರು ಎಲ್ಲ ಕಡೆಯೂ ಇದ್ದಾರೆ. ಕೆಲವೆಡೆ ಹಿಟ್ಟಿನುಂಡೆಯೊಳಗೆ ಸಿಡಿಮದ್ದನ್ನೂ ಇಡುತ್ತಾರೆ, ಅದು ನಾಯಿಯ ಬಾಯಿಗೆ ಸಿಕ್ಕರೆ ದವಡೆಯೇ ಉಳಿಯುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಟೈಗರ್ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಸಂಜೆ ಇನ್ನೊಂದು ನಾಯಿ ಹಳ್ಳದ ಕಡೆಗೆ ನಾಲ್ಕು ಹೆಜ್ಜೆ ಓಡುವುದು, ನಿಂತು ನಮ್ಮನ್ನು ನೋಡುವುದು, ಮತ್ತೆ ಓಡುವುದು ಮಾಡತೊಡಗಿತು. ಹಿಂದೆಯೇ ಹೋದರೆ, ಟೈಗರ್ ಬೇಲಿಯ ಬಳಿ ಸದ್ದಿಲ್ಲದೆ ನಿಂತಿದ್ದಾನೆ, ಸೊಂಟದ ಸುತ್ತ ಬೈಕಿನ ಕ್ಲಚ್ ಕೇಬಲ್ಲು. ಎಳೆದಷ್ಟೂ ಬಿಗಿಯುತ್ತದೆಂದು ಅವನಿಗೆ ಹೇಗೋ ಅರ್ಥವಾಗಿತ್ತು, ಕೂದಲೂ ಅಲುಗಿಸದೆ ನಿಂತುಬಿಟ್ಟಿದ್ದ. ಕತ್ತಿಯಿಂದ ಅದು ತುಂಡಾಗಲಿಲ್ಲ. ಆಳನ್ನು ಮನೆಗೆ ಓಡಿಸಿ ಕಟಿಂಗ್ ಪ್ಲೇಯರ್ ತರಿಸಬೇಕಾಯಿತು. ಅಂದಿನಿಂದ ಜೀಪಿನಲ್ಲಿ ಒಂದು ಪ್ಲೇಯರ್ ಯಾವಾಗಲೂ ಇರುತ್ತದೆ. ನೀವೂ ಚೀಲದಲ್ಲಿ ಒಂದನ್ನು ಇಟ್ಟುಕೊಳ್ಳಿ.

ನಡಿಗೆಯ ಸಮಯ: ಬೆಳಿಗ್ಗೆ ಎಂಟೂವರೆಗೆ ಮೊದಲು ಹೊರಡಬೇಡಿ. ಆ ಹೊತ್ತಿಗೆ ಆಳುಗಳು ಕೆಲಸಕ್ಕೆ ಇಳಿದಿರುತ್ತಾರೆ, ರಾತ್ರಿ ಆನೆ ಯಾವ ಕಡೆ ದಾಟಿತೆಂಬುದು ತೋಟದ ಆಳುಗಳ ಕೆಲಸ ನೋಡಿಕೊಳ್ಳುವ ರೈಟರಿಗೆ ತಿಳಿದಿರುತ್ತದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ಸಂದೇಶವೂ ವಾಟ್ಸ್ಆ್ಯಪಿಗೆ ಬಂದಿರುತ್ತದೆ. ಅವರು ಬೇಡವೆಂದ ದಿಕ್ಕಿಗೆ, ಅದೆಷ್ಟೇ ಚೆಂದವಿದ್ದರೂ, ಹೋಗಬೇಡಿ. ತೋಟದ ಜೀಪು ರಸ್ತೆಯಲ್ಲಿ ಇಳಿದು ಗದ್ದೆಬಯಲು ಸೇರಿ, ಹಳ್ಳದ ಮಗ್ಗುಲಲ್ಲೇ ಒಂದು ಸುತ್ತು ಹಾಕಿಕೊಂಡು ಹನ್ನೊಂದಕ್ಕೆಲ್ಲ ಮನೆ ಸೇರುವಂತಿರಲಿ. ಜನವರಿಯಲ್ಲಿ ಭತ್ತದ ಕುಯ್ಲು ಮುಗಿದು ಗದ್ದೆ ಬೋಳಾಗಿರುವುದರಿಂದ ದೂರದವರೆಗೆ ಕಣ್ಣು ಹಾಯುತ್ತದೆ, ಅದೇ ದೊಡ್ಡ ಅನುಕೂಲ. ಮಧ್ಯಾಹ್ನ ಮೂರೂವರೆಗೆ ಮತ್ತೆ ಹೊರಟು ಐದೂಕಾಲಿಗೆ ಹಿಂದಿರುಗಿ. ಹೀಗೆ ದಿನಕ್ಕೆ ಆರೇಳು ಕಿಲೋಮೀಟರು ಆಗುತ್ತದೆ. ಮಾವನವರಿಗೆ ಸಾಕೆನಿಸಿದರೆ ಜೀಪು ರಸ್ತೆಯಲ್ಲೇ ಹಿಂದಿರುಗಬಹುದು. ತೋಟದ ನೆತ್ತಿಯಲ್ಲಿ ಹುಲ್ಲುಗುಡ್ಡವಿದ್ದರೆ ಅಲ್ಲಿಗೂ ಹೋಗಿ ಬನ್ನಿ, ನಮ್ಮ ನಾಯಿಗಳು ದಿನವೂ ಹೋಗುತ್ತವೆ.

ಜನವರಿ ಎಂದರೆ ಅರೇಬಿಕಾ ಮುಗಿಯುತ್ತ ರೊಬಸ್ಟಾ ಶುರುವಾಗುವ ಕಾಲ, ತೋಟದ ತುಂಬ ಕುಯ್ಲಿನವರು, ಅವರ ಮಕ್ಕಳು. ಹೊಸ ನಾಯಿ ಮೈಮೇಲೆ ಹಾರಿದರೆ ಹೆದರುತ್ತಾರೆ. ಆಳುಗಳು ವಾಸಿಸುವ ಲೈನ್ ಮನೆಗಳ ಬಳಿ ಹೋಗುವಾಗ ಅಲ್ಲಿಯ ನಾಯಿಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಯಾರನ್ನಾದರೂ ಮುಂದೆ ಕಳಿಸಿ ಕಟ್ಟಿಸಿ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಅದರ ಹತ್ತಿರ ಮಾತ್ರ ಕರಿಯನನ್ನು ಒಯ್ಯಬೇಡಿ. ಕಣದ ಅಂಚಿನಲ್ಲಿ ನಾಯಿ ಕಾಲೆತ್ತಿದ್ದನ್ನು ಕಂಡೂ ನಗುವ ತೋಟದ ಯಜಮಾನ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ರಾತ್ರಿ ಮನೆಯೊಳಗೇ ಮಲಗಿಸಿ. ಜಗಲಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಮಲಗುವ ಮೊದಲು ಹೊರಗೆ ಬಿಡುವುದಿದ್ದರೆ ದೀಪ ಹಾಕಿ, ಹಗ್ಗ ಹಿಡಿದು, ಅಂಗಳ ದಾಟದಂತೆ ನೋಡಿಕೊಳ್ಳಿ. ಇಂಬಳದ ಚಿಂತೆ ಜನವರಿಯಲ್ಲಿ ಅಷ್ಟಿಲ್ಲ, ಅದು ಮಳೆಗಾಲದ ಮಾತು. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಮಗಳು ನೋಡಲೇಬೇಕು, ನಕ್ಷತ್ರದ ಆಕಾರದ ಕೋಟೆ ಅದು. ಆದರೆ ಭಾನುವಾರ ಅಲ್ಲಿ ಜನಜಾತ್ರೆ. ನಾಯಿಯೊಂದಿಗೆ ಒಬ್ಬರು ತೋಟದಲ್ಲೇ ಉಳಿಯುವುದು ಮೇಲು.

ಉತ್ತರ 2: ಕಾಡಹಾದಿ (ಮೈಸೂರು)

ಮೇಲಿನವರು ಬರೆದದ್ದರಲ್ಲಿ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ತೋಟದ ನೆತ್ತಿಯ ಹುಲ್ಲುಗುಡ್ಡ ತೋಟದವರದ್ದೇ ಆಗಿರಬೇಕೆಂದಿಲ್ಲ. ಮಲೆನಾಡಿನಲ್ಲಿ ತೋಟದ ಬೇಲಿ ಮುಗಿದಲ್ಲಿ ಮೀಸಲು ಅರಣ್ಯ ಶುರುವಾಗುವುದು ಸಾಮಾನ್ಯ, ಅದಕ್ಕೆ ಬೋರ್ಡು ಇರಲೇಬೇಕೆಂದೂ ಇಲ್ಲ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದಲ್ಲಿದೆ, ಕುದುರೆಮುಖವಂತೂ ರಾಷ್ಟ್ರೀಯ ಉದ್ಯಾನ. ಇಂಥ ಕಡೆಗಳಲ್ಲಿ ಸಾಕುನಾಯಿಯನ್ನು ಬಿಡದಿರುವುದು ಸಿಬ್ಬಂದಿಯ ಹಟವಲ್ಲ. ನಾಯಿಗೆ ಬರುವ ಡಿಸ್ಟೆಂಪರ್ ರೋಗದ ವೈರಾಣು ಸೀಳುನಾಯಿ, ನರಿ, ಚಿರತೆ, ಹುಲಿಗಳಿಗೂ ತಗಲುತ್ತದೆ. 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನ ಒಂದೇ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಈ ವೈರಾಣು ತಗಲಿದ್ದು ಪರೀಕ್ಷೆಯಲ್ಲಿ ದೃಢಪಟ್ಟಿತ್ತು. ನಿಮ್ಮ ಕರಿಯ ಲಸಿಕೆ ಹಾಕಿಸಿಕೊಂಡ ಆರೋಗ್ಯವಂತನೇ ಇರಬಹುದು. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಒಂದೊಂದು ನಾಯಿಯ ಲಸಿಕೆಯ ಚೀಟಿ ಓದುತ್ತ ಕೂರಲು ಆಗುವುದಿಲ್ಲ.

"ನಮ್ಮ ನಾಯಿಗಳು ದಿನವೂ ಹೋಗುತ್ತವೆ" ಎನ್ನುವುದು ವಾಸ್ತವವೇ ಹೊರತು ಅನುಮತಿಯಲ್ಲ. ಕಡವೆಯ ಮರಿಗಳನ್ನು ಅಟ್ಟಿ ಕೊಲ್ಲುವ ಊರನಾಯಿಗಳ ಹಿಂಡನ್ನು ಕಣ್ಣಾರೆ ಕಂಡವನಾದ್ದರಿಂದ ಇಷ್ಟು ಹೇಳಿದೆ. ಗುಡ್ಡ ಯಾರದೆಂದು ಮನೆಯ ಹಿರಿಯರನ್ನು ಕೇಳಿ, ತೋಟದ್ದೇ ಆದರೆ ಹೋಗಿ, ಸಂದೇಹವಿದ್ದರೆ ಬೇಲಿಯ ಒಳಗೇ ಇರಿ.

ಉತ್ತರ 3: ಹೇಮಾವತಿ ದಂಡೆಯವ

ಒಪ್ಪಿದೆ, ನನ್ನ ಆ ವಾಕ್ಯ ಸಡಿಲವಾಯಿತು. ನಮ್ಮ ತೋಟದ ನೆತ್ತಿಯ ಗುಡ್ಡ ನಮ್ಮದೇ ಖಾತೆಯಲ್ಲಿದೆ, ಎಲ್ಲರದೂ ಹಾಗಿರುವುದಿಲ್ಲ. ಕೇಳಿಯೇ ಹೋಗಲಿ. ಆದರೆ ಉರುಲು ಇಡುವವರ ಬಗ್ಗೆಯೂ ಮೈಸೂರಿನವರು ಇಷ್ಟೇ ಖಡಾಖಂಡಿತವಾಗಿ ಎರಡು ಸಾಲು ಬರೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಉತ್ತರ 4: ಗೋಮಾಳ (ಪಶುವೈದ್ಯೆ, ಶಿವಮೊಗ್ಗ)

ಆನೆಯ ವಿಷಯವನ್ನು ಅಲ್ಲಿಯವರೇ ಹೇಳಿದ್ದಾರೆ. ನಾನು ಅದಕ್ಕಿಂತ ಬಹಳ ಚಿಕ್ಕ ಪ್ರಾಣಿಯ ಬಗ್ಗೆ ಹೇಳುತ್ತೇನೆ.

ಮಲೆನಾಡಿನಲ್ಲಿ ಉಣುಗಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮಳೆ ನಿಂತು ಒಣಹವೆ ಶುರುವಾದ ಮೇಲೆ, ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಉಣುಗಿನ ಎಳೆಯ ಮರಿಗಳು ತರಗೆಲೆಯ ಮೇಲೆ ಹೆಚ್ಚಾಗಿರುತ್ತವೆ, ಸಾಸಿವೆಗಿಂತಲೂ ಚಿಕ್ಕವು, ಕಚ್ಚಿದ್ದು ಗೊತ್ತಾಗುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಂಡುಬರುವುದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ. ಆದರೂ ನೀವು ಹೋಗುವುದು ಅದೇ ಘಟ್ಟದ ಸಾಲಿಗೆ, ಅದೇ ಋತುವಿನಲ್ಲಿ. ನಾಯಿ ಪೊದೆಯೊಳಗೆ ನುಗ್ಗಿ ಉಣುಗನ್ನು ಮೈಮೇಲೆ ಹೊತ್ತು ತಂದು ನಿಮ್ಮ ಹಾಸಿಗೆಯ ಮೇಲೆ ಉದುರಿಸಬಹುದು. ಆದ್ದರಿಂದ ಕರಿಯನ ಕಾಲಿನ ಬಗ್ಗೆ ಯೋಚಿಸುವಷ್ಟೇ ನಿಮ್ಮ ಮಗಳ ಕಾಲಿನ ಬಗ್ಗೆಯೂ ಯೋಚಿಸಿ: ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಬಟ್ಟೆ ಮುಚ್ಚದ ಭಾಗಕ್ಕೆ ಕೀಟ ಬಾರದ ಮುಲಾಮು. ನಮ್ಮ ಕಡೆ ಆರೋಗ್ಯ ಇಲಾಖೆಯವರು ಇದಕ್ಕೆಂದೇ ಡೇಪಾ ತೈಲ ಹಂಚುತ್ತಾರೆ. ಎಲ್ಲಾದರೂ ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡದೆ, ಆ ದಾರಿಯನ್ನೇ ಬಿಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನಾಯಿಗೆ ಉಣುಗಿನ ಮಾತ್ರೆಯನ್ನು ಹೊರಡುವುದಕ್ಕೆ ಒಂದು ವಾರ ಮೊದಲೇ ನಿಮ್ಮ ವೈದ್ಯರನ್ನು ಕೇಳಿ ಕೊಡಿಸಿ. ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಆ ಮಾತ್ರೆ ಉಣುಗನ್ನು ಓಡಿಸುವುದಿಲ್ಲ, ಕಚ್ಚಿ ರಕ್ತ ಹೀರಿದ ಮೇಲೆ ಕೊಲ್ಲುತ್ತದೆ. ಆದ್ದರಿಂದ ಮಾತ್ರೆ ಕೊಟ್ಟಿದ್ದೇವೆಂದು ಮೈ ನೋಡುವುದನ್ನು ಬಿಡುವಂತಿಲ್ಲ. ಪ್ರತಿ ನಡಿಗೆಯ ನಂತರ ಮನೆಯೊಳಗೆ ಬರುವ ಮೊದಲು, ಬಿಸಿಲಿನಲ್ಲಿ ನಿಲ್ಲಿಸಿ, ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳಸಂದಿ, ಬಾಲದ ಬುಡ ಇಷ್ಟನ್ನೂ ಬೆರಳಿನಿಂದ ತಡವಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಬರಿಗೈಯಲ್ಲಿ ಹೊಸಕುವುದಂತೂ ಕೂಡದು. ಊರಿಗೆ ಬಂದ ಮೇಲೆ ಮೂರು ವಾರ ಗಮನವಿಡಿ. ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಕಂಡರೆ ಉಣುಗಿನ ಜ್ವರವೆಂದು ಶಂಕಿಸಿ ರಕ್ತಪರೀಕ್ಷೆ ಮಾಡಿಸಬೇಕು. ಬೇಗ ಹಿಡಿದರೆ ಗುಣವಾಗುತ್ತದೆ.

ಹುಚ್ಚುನಾಯಿ ರೋಗದ ಮತ್ತು ಡಿಸ್ಟೆಂಪರಿನ ಲಸಿಕೆ ಅವಧಿಯೊಳಗಿದೆಯೇ ನೋಡಿ. ಇಲಿಜ್ವರದ ಲಸಿಕೆಯನ್ನು ಮೊದಲ ಬಾರಿ ಹಾಕಿಸುವುದಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕಾಗುತ್ತದೆ, ಆದ್ದರಿಂದ ಈ ವಾರವೇ ಹೋಗಿ. ಗದ್ದೆಯ ನಿಂತ ನೀರು ಕುಡಿಯಲು ಬಿಡಬೇಡಿ. 18 ಕಿಲೋ ನಾಯಿಗೆ ಸುಮ್ಮನೆ ಇದ್ದರೂ ದಿನಕ್ಕೆ ಸುಮಾರು ಒಂದು ಲೀಟರು ನೀರು ಬೇಕು; ನಡೆಯುವ ದಿನ ಅದರ ಒಂದೂವರೆ ಪಟ್ಟು ಹೊತ್ತುಕೊಂಡು ಹೋಗಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕೊಡಿ. ದಿನಕ್ಕೆ ಒಂದೂವರೆ ಗಂಟೆ ನಡೆಯುವ ನಾಯಿಗೆ ಒಮ್ಮೆಲೇ ಆರೇಳು ಕಿಲೋಮೀಟರು ಏರಿಳಿತವೆಂದರೆ ಮರುದಿನ ಕಾಲು ಎತ್ತಲಾರದು. ಈಗಿನಿಂದಲೇ ಭಾನುವಾರದ ನಡಿಗೆಯನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತ ಬನ್ನಿ, ಅಂಗಾಲೂ ಗಟ್ಟಿಯಾಗುತ್ತದೆ. ಬಿಸಿಲಿಗೆ ಬಳಲಿ, ನಾಲಗೆ ಅಗಲ ಚಾಚಿ, ಜೊಲ್ಲು ಅಂಟಾಗಿ, ತೂರಾಡಿದರೆ ನೆರಳಿಗೆ ಎಳೆದು ಹೊಟ್ಟೆ, ಕಾಲುಗಳ ಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ನಾಯಿಯ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿತೆಂದರೆ ತಡಮಾಡುವಂತಿಲ್ಲ.

ಮೂರು ಸಣ್ಣ ಮಾತು. ಕಾಫಿ ಹಣ್ಣು ಸಿಹಿಯೆಂದು ಕೆಲವು ನಾಯಿಗಳು ತಿನ್ನುತ್ತವೆ. ಬೀಜದಲ್ಲಿರುವ ಕೆಫೀನು ನಾಯಿಗೆ ವಿಷ, ಹೆಚ್ಚು ತಿಂದರೆ ಎದೆಬಡಿತ ಏರಿ ನಡುಕ ಬರುತ್ತದೆ. ತೋಟಕ್ಕೆ ಇತ್ತೀಚೆಗೆ ಮೈಲುತುತ್ತದ ಬೋರ್ಡೋ ದ್ರಾವಣವನ್ನಾಗಲಿ ಬೇರೆ ಔಷಧಿಯನ್ನಾಗಲಿ ಹೊಡೆದಿದ್ದಾರೆಯೇ ಎಂದು ಕೇಳಿ, ಹೊಡೆದಿದ್ದರೆ ಬಂದ ಕೂಡಲೇ ಕಾಲು ತೊಳೆಯಿರಿ. ಕಾಲು ನೋವೆಂದು ಮನುಷ್ಯರ ಮಾತ್ರೆ ಕೊಡಬೇಡಿ, ಅದರಿಂದ ಸತ್ತ ನಾಯಿಗಳನ್ನು ನೋಡಿದ್ದೇನೆ. ಹಾವಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಸಕಲೇಶಪುರದಲ್ಲೋ ಹಾಸನದಲ್ಲೋ ಯಾವ ಪಶು ಆಸ್ಪತ್ರೆಯಲ್ಲಿ ಅದು ಸಿಗುತ್ತದೆ, ಭಾನುವಾರ ವೈದ್ಯರು ಇರುತ್ತಾರೆಯೇ ಎಂಬುದನ್ನು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಕಚ್ಚಿದ ಮೇಲೆ ವಿಳಾಸ ಹುಡುಕುತ್ತ ಕೂರುವಷ್ಟು ಹೊತ್ತು ಇರುವುದಿಲ್ಲ.

ಉತ್ತರ 5: ಮದ್ದೂರು ಮೇಷ್ಟ್ರು

ಹಂದಿ ಮತ್ತು ನಾಯಿಯ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡಮಾತು. ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ಒಂದು ನಾಯಿಗಾಗಿಯೇ ನಿಲ್ಲಿಸಿದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಎರಡೂ ಸತ್ತವು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಿಮ್ಮ ಮಗಳಿಗೆ ಒಮ್ಮೆ ತೋರಿಸಿ. ಬೇಟೆಗೆಂದೇ ಪಳಗಿದ ಕಾಳಿಯೇ ಹಂದಿಯ ಕೋರೆಗೆ ಉಳಿಯಲಿಲ್ಲ. ಅಳಿಲು ಕಂಡರೆ ಮೈಮರೆಯುವ ನಿಮ್ಮ ಕರಿಯನ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಳ್ಳಿ.

ಉತ್ತರ 6: ಗೋಮಾಳ

ಮೇಷ್ಟ್ರೇ, ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಬೇಡ. 18 ಕಿಲೋ ನಾಯಿ ಒಮ್ಮೆಲೇ ಹಾರಿದರೆ ಬೆರಳು ಮುರಿಯುತ್ತದೆ, ಇಳಿಜಾರಿನಲ್ಲಿ ಹಿಡಿದವರೇ ಉರುಳುತ್ತಾರೆ. ಹಿಡಿಕೆಯೊಳಗೆ ಅಂಗೈ ತೂರಿಸಿ, ಇನ್ನೊಂದು ಕೈಯಿಂದ ಹಗ್ಗದ ನಡುವನ್ನು ಹಿಡಿದರೆ ಸಾಕು. ಮಗಳ ಕೈಗೂ ಮಾವನವರ ಕೈಗೂ ಇಳಿಜಾರಿನಲ್ಲಿ ಕೊಡಬೇಡಿ.

ಉತ್ತರ 7: ಮಲ್ಲಿಗೆಬಳ್ಳಿ

ಹೋಗಿಬಂದು ಈಗ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಶುಕ್ರವಾರ ಮಧ್ಯಾಹ್ನ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದ ದಾರಿಯಲ್ಲಿ ಹೊರಟು ರಾತ್ರಿ ಊಟದ ಹೊತ್ತಿಗೆ ತೋಟ ಸೇರಿದೆವು. ಕಾರಿನಲ್ಲಿ ವಾಂತಿಯಾಗಬಾರದೆಂದು ಕರಿಯನಿಗೆ ಬೆಳಿಗ್ಗೆಯೇ ಊಟ ಹಾಕಿ ಮುಗಿಸಿದ್ದೆವು. ಗುಡ್ಡದ ವಿಷಯ ಕೇಳಿದಾಗ ಮನೆಯ ಯಜಮಾನರು ನಕ್ಕು, ಅರ್ಧ ತಮ್ಮದು ಅರ್ಧ ಅರಣ್ಯ ಇಲಾಖೆಯದು, ಗೆರೆ ಎಲ್ಲಿ ಹಾದಿದೆಯೆಂದು ಎರಡು ಕಡೆಯವರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಹಾಗಾಗಿ ಗುಡ್ಡವನ್ನು ಕೈಬಿಟ್ಟೆವು.

ಶನಿವಾರ ಎಂಟೂಮುಕ್ಕಾಲಿಗೆ ರೈಟರೇ ಮುಂದಾಗಿ ಕರೆದುಕೊಂಡು ಹೋದರು. ಗದ್ದೆಬಯಲಿನಲ್ಲಿ ಕಡಿದ ಭತ್ತದ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕರಿಯ ಒಂದೊಂದು ಕೂಳೆಯನ್ನೂ ಮೂಸಿ ನೋಡದೆ ಮುಂದಕ್ಕೆ ಬರಲೊಲ್ಲ. ಮೂರು ಕಿಲೋಮೀಟರಿಗೆ ಎರಡೂಕಾಲು ಗಂಟೆ ಹಿಡಿಯಿತು, ಮಾವನವರಿಗೆ ಆ ವೇಗವೇ ಸರಿಹೋಯಿತು. ಹಳ್ಳ ದಾಟುವ ಮುಂಚೆ ಅವನು ಇದ್ದಕ್ಕಿದ್ದಂತೆ ನಿಂತ. ಬೊಗಳಲಿಲ್ಲ, ಎಳೆಯಲಿಲ್ಲ; ಒಂದು ಮುಂಗಾಲು ಅರ್ಧ ಎತ್ತಿದ್ದು ಹಾಗೆಯೇ ಗಾಳಿಯಲ್ಲಿ ಉಳಿಯಿತು, ಬೆನ್ನಿನ ಮೇಲಿನ ಕೂದಲು ಕೊರಳಿನಿಂದ ಬಾಲದವರೆಗೆ ಎದ್ದು ನಿಂತಿತು. ರೈಟರು ಹತ್ತು ಹೆಜ್ಜೆ ಮುಂದೆ ಹೋಗಿ ನೋಡಿ ಕೈಸನ್ನೆ ಮಾಡಿದರು. ಅಲ್ಲೊಂದು ಬೈನೆ ಮರ ಸೀಳಿ ಬಿದ್ದಿತ್ತು, ಒಳಗಿನ ತಿರುಳು ಇನ್ನೂ ಬಿಳಿಯಾಗಿ ಒದ್ದೆಯಾಗಿತ್ತು, ಪಕ್ಕದಲ್ಲಿದ್ದ ಲದ್ದಿಯಿಂದ ಆವಿ ಏಳುತ್ತಿತ್ತು. ಮಾತಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿದೆವು. ಮನೆ ಸೇರುವವರೆಗೆ ಸುಮ್ಮನಿದ್ದ ಮಾವನವರು ಗೇಟು ಹಾಕಿದ ಮೇಲೆ, "ಸುಳಿವು ಕೊಟ್ಟ ನೋಡಿದಿರಾ" ಎಂದರು. ಹಗ್ಗ ಇದ್ದದ್ದರಿಂದಲೇ ಅವನು ನಿಂತಲ್ಲೇ ನಿಂತ ಎಂದು ನಮ್ಮ ಯಜಮಾನರು ಹೇಳಿದರು. ವಾದ ಇನ್ನೂ ಮುಗಿದಿಲ್ಲ.

ಭಾನುವಾರ ಬೆಳಿಗ್ಗೆ ಕಾರ್ಯಪಡೆಯ ಸಂದೇಶ ಬಂದು, ಅದೇ ಹಿಂಡು ಪಕ್ಕದ ತೋಟದಲ್ಲಿದೆಯೆಂದು ತಿಳಿದದ್ದರಿಂದ ನಡಿಗೆ ರದ್ದಾಯಿತು. ಮಗಳು ಬೇಲಿಯೊಳಗಿನ ಅಂಗಳದಲ್ಲಿ ಅವನನ್ನು ಬಿಟ್ಟು, ಒಂದು ಹಳೆಯ ಗೋಣಿಚೀಲದ ತುದಿ ಹಿಡಿದು ಎರಡು ಗಂಟೆ ಓಡಿಸಿದಳು. ಮನಸಾರೆ ಓಡುವ ಆಸೆ ಅಲ್ಲೇ ತೀರಿತು. ಕಾಫಿ ಹಣ್ಣು ಒಂದನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆ ಚೀಪಿ ಬೀಜವನ್ನು ನಮ್ಮೆದುರೇ ಉಗಿದ. ಡಾಕ್ಟರ ಮಾತು ನೆನಪಾಗಿ ನಾನು ಬಾಯಿಗೆ ಬೆರಳು ಹಾಕಿ ಪರೀಕ್ಷಿಸಿದೆ.

ಉಣುಗು ಶನಿವಾರ ಬೆರಳಸಂದಿಯಲ್ಲಿ ಎರಡು ಸಿಕ್ಕಿದವು. ಊರಿಗೆ ಬಂದ ಮೂರನೆಯ ದಿನ ಎಡಕಿವಿಯ ಮಡಿಕೆಯೊಳಗೆ ಇನ್ನೊಂದು ಸಿಕ್ಕಿತು, ಸತ್ತು ಒಣಗಿದ್ದರೂ ಚರ್ಮವನ್ನು ಬಿಟ್ಟಿರಲಿಲ್ಲ. ನಮ್ಮ ನಾಲ್ವರ ಮೈಮೇಲೆ ಯಾವುದೂ ಕಾಣಲಿಲ್ಲ. ಇಂದಿಗೆ ಹದಿನೇಳನೆಯ ದಿನ. ಊಟ ಸರಿಯಾಗಿ ಮಾಡುತ್ತಿದ್ದಾನೆ, ಒಸಡು ಕೆಂಪಗೇ ಇದೆ. ಇನ್ನು ರಕ್ತಪರೀಕ್ಷೆಯ ಅಗತ್ಯವಿದೆಯೇ, ಡಾಕ್ಟರು ದಯವಿಟ್ಟು ತಿಳಿಸಬೇಕು.

ಉತ್ತರ 8: ಗೋಮಾಳ

ಊಟ, ಒಸಡು, ಮೈಬಿಸಿ ಸರಿಯಿದ್ದರೆ ಈಗ ಬೇಡ. ಮೂರು ವಾರ ತುಂಬುವವರೆಗೆ ದಿನಕ್ಕೊಮ್ಮೆ ನೋಡುತ್ತಿರಿ. ಒಂದು ಹೊತ್ತು ಊಟ ಬಿಟ್ಟರೂ ಮರುದಿನಕ್ಕೆ ಕಾಯದೆ ಅಂದೇ ಕರೆದುಕೊಂಡು ಹೋಗಿ, ಉಣುಗು ಕಚ್ಚಿದ ತಾರೀಕನ್ನೂ ಅಲ್ಲಿಯ ವೈದ್ಯರಿಗೆ ಹೇಳಿ. ನಿಮ್ಮ ನಾಲ್ವರಲ್ಲಿ ಯಾರಿಗಾದರೂ ಜ್ವರ, ಮೈಕೈನೋವು ಬಂದರೆ ಮಲೆನಾಡಿಗೆ ಹೋಗಿಬಂದದ್ದನ್ನು ನಿಮ್ಮ ವೈದ್ಯರಿಗೂ ಮರೆಯದೆ ಹೇಳಿ. ಕಾರಿನ ಹಿಂದಿನ ಸೀಟಿನಲ್ಲಿ ಹಾಸಿದ್ದ ಬಟ್ಟೆಯನ್ನು ಇನ್ನೂ ಒಗೆದಿಲ್ಲವಾದರೆ ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.